ಕುಂಬಳಬಳ್ಳಿಗೆ ಲಗ್ನ ಮಾಡಿಸುತ್ತಿದ್ದ ಕಾಕಾ

ತಂಗಿಯ ನಿಶ್ಚಯದ ದಿನ ಏನೇನು ಕೆಡಬಹುದು ಎಂದು ನಾನು ಎಂಟು ದಿನ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಬೀಗರ ಸವಾರಿ ಬಂಡಿಯ ಅಚ್ಚು ಕನಕಗಿರಿ ದಾಟಿದ ಮೇಲೆ ಮುರಿಯಬಹುದು. ಮುರಿಯದಿದ್ದರೆ ಅವರು ಎರಡು ತಾಸು ಮೊದಲೇ ಬಂದು, ಅಪ್ಪ ಮೈತುಂಬ ಎಣ್ಣೆ ಹಚ್ಚಿಕೊಂಡು ಕೂತದ್ದನ್ನು ನೋಡಬಹುದು. ಅವರು ಗಂಗಾವತಿ ಕಡೆಯ ಹೊಳೆದಂಡೆಯ ಜನ, ಮೂರು ಹೊತ್ತೂ ಅನ್ನ ಉಣ್ಣುವವರು. ನಮ್ಮ ಸಜ್ಜೆ ರೊಟ್ಟಿ ಕಡಿಯಲು ಹೋಗಿ ಹಿರಿಯರೊಬ್ಬರ ಹಲ್ಲು ನಮ್ಮ ಮನೆಯಲ್ಲೇ ಉಳಿಯಬಹುದು. ಹಲ್ಲಿ ಲೊಚಗುಟ್ಟಬಹುದು, ಅದೂ ಬೇಡದ ದಿಕ್ಕಿನಿಂದ. ತಂಗಿ ಸೀನಬಹುದು. ಆಕೆ ಒಮ್ಮೆ ಶುರು ಮಾಡಿದರೆ ಏಳಕ್ಕೆ ಕಡಿಮೆ ನಿಲ್ಲಿಸುವವಳಲ್ಲ! ವರ ನಮ್ಮ ಎತ್ತನ್ನು ನೋಡಿ ಹೆದರಬಹುದು. ಎತ್ತು ವರನನ್ನು ನೋಡಿ ಹೆದರಬಹುದು. ಆಗ ನನಗೆ ಇಪ್ಪತ್ತನಾಲ್ಕು ವರ್ಷ, ಚಿಂತೆಯಲ್ಲಿ ಮಾತ್ರ ಅರವತ್ತು ದಾಟಿತ್ತು. ಹೀಗೆ ಹದಿನಾರು ಅನಾಹುತಗಳನ್ನು ಬೆರಳು ಮಡಚಿ ಎಣಿಸಿದ ಮೇಲೂ ಒಂದು ಉಳಿದಿತ್ತು. ಹದಿನಾರಕ್ಕೂ ದೊಡ್ಡದು ಅದೇ.

ಕಾಕಾ ಬಾಯಿ ತೆರೆಯಬಹುದು.

ಮನುಷ್ಯರಿಗೆ ಲಗ್ನ ಮಾಡಿಸಿದವರು ಊರೂರಿಗೆ ಹತ್ತು ಮಂದಿ ಸಿಗುತ್ತಾರೆ. ಕುಂಬಳಬಳ್ಳಿಗೆ ಲಗ್ನ ಮಾಡಿಸಿದವನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕು ಜಾಲಾಡಿದರೂ ನಮ್ಮ ಕಾಕಾ ಒಬ್ಬನೇ. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ನೋಡಲು ಅಪ್ಪನ ಹಾಗೆಯೇ, ಅದೇ ಮೀಸೆ, ಅದೇ ರುಮಾಲು. ಆದರೆ ಅಪ್ಪ ಹೂವು ಕಂಡರೆ ಕೈ ಮುಗಿಯುತ್ತಿದ್ದ, ಕಾಕಾ ಹೂವು ಕಂಡರೆ ಚಾಕು ತೆಗೆಯುತ್ತಿದ್ದ!

ಮೊದಲು ತಂಗಿಯ ಸಂಗತಿ ಹೇಳಿಬಿಡುತ್ತೇನೆ. ಆಕೆಗೆ ಹತ್ತೊಂಬತ್ತು ತುಂಬಿತ್ತು. ಆ ಕಾಲದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಮುದುಕಿಯ ವಯಸ್ಸು. ಮೂರು ಸಂಬಂಧ ಬಂದು ಹೋಗಿದ್ದವು. ಅದರಲ್ಲಿ ಒಂದನ್ನು ಕಳಿಸಿಕೊಟ್ಟವನು ಸ್ವತಃ ಕಾಕಾ. ವರನ ತಂದೆಯ ಕೊರಳಿಗೆ ಅಪ್ಪ ಚೆಂಡುಹೂವಿನ ಮಾಲೆ ಹಾಕಿದ. ಕಾಕಾ ಹತ್ತಿರ ಹೋಗಿ, “ಇದು ಒಂದು ಹೂವಲ್ರೀ, ಒಂದೊಂದು ಚೆಂಡಿನ್ಯಾಗೂ ನೂರಾರು ಸಣ್ಣ ಸಣ್ಣ ಹೂವು ಕುಟುಂಬ ಮಾಡಿಕೊಂಡು ಅದಾವು” ಎಂದ. ಅವರು ಪಾಪ, “ಹೌದೇನ್ರಿ?” ಎಂದರು. ಹಾಗೆ ಕೇಳಬಾರದಿತ್ತು! ಅವರ ಕೊರಳಲ್ಲಿದ್ದ ಹಾಗೆಯೇ ಮಾಲೆಗೆ ಕೈ ಹಾಕಿ, ಎಸಳು ಎಸಳು ಕಿತ್ತು ಅವರ ತೊಡೆಯ ಮೇಲೆ ಹರವಿ ತೋರಿಸಿದ. ಬೀಗರಾಗಬೇಕಿದ್ದವರು ಕೊರಳಲ್ಲಿ ಬರೀ ದಾರ ಉಳಿಸಿಕೊಂಡು ಊರಿಗೆ ಹೋದರು.

ಇದು ನಾಲ್ಕನೆಯ ಸಂಬಂಧ. ಹುಡುಗ ಒಳ್ಳೆಯವನು, ತಂಗಿಗೂ ಮನಸ್ಸು ಬಂದಿತ್ತು. ತೊಡಕು ಇದ್ದದ್ದು ಒಂದೇ ಕಡೆ. ನಿಶ್ಚಯದಲ್ಲಿ ಐದು ಮಂದಿ ಮುತ್ತೈದೆಯರು ಹುಡುಗಿಗೆ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಬೇಕು. ಹುಡುಗನ ತಾಯಿ ಮುಂಚೆಯೇ ಹೇಳಿಕಳಿಸಿದ್ದಳು: “ಐದೂ ಮಂದಿ ಮಕ್ಕಳೊಂದಿಗರು ಇರಲಿ.” ಇತ್ತ ತಂಗಿ ಹಟ ಹಿಡಿದಿದ್ದಳು: “ಐದನೇಯಾಕಿ ಕಾಕೀನ ಆಗಬೇಕು. ಇಲ್ಲಂದ್ರ ನಾ ಕುಂತ ಮಣಿ ಬಿಟ್ಟು ಏಳತೀನಿ.”

ನಮ್ಮ ಅವ್ವ ತೀರಿಕೊಂಡಾಗ ತಂಗಿಗೆ ಮೂರು ವರ್ಷ. ಆಮೇಲೆ ಆಕೆಗೆ ತಲೆ ಬಾಚಿದವಳು, ಜ್ವರ ಬಂದಾಗ ತೊಡೆ ಮೇಲೆ ಹಾಕಿಕೊಂಡು ಕೂತವಳು ಕಾಕಿ. ಆದರೆ ಕಾಕಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಲಗ್ನವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಊರಲ್ಲಿ ಯಾರೂ ಆಕೆಯ ಮುಖದ ಮೇಲೆ ಕೆಟ್ಟ ಮಾತು ಆಡುತ್ತಿರಲಿಲ್ಲ. ನಾವೆಲ್ಲ ಭಾಳ ಸಭ್ಯರು! ಯಾವುದೇ ಶುಭಕಾರ್ಯದಲ್ಲಿ ಆಕೆ ಆರತಿ ತಟ್ಟೆಗೆ ಕೈ ಚಾಚಿದರೆ ಯಾರೋ ಒಬ್ಬರು ನಗುನಗುತ್ತ, “ನೀ ಒಲಿ ಕಡೆ ನೋಡವ್ವ, ಇಲ್ಲಿ ಮತ್ತೊಬ್ರು ಬರ್ತಾರ” ಎನ್ನುತ್ತಿದ್ದರು. ಅಷ್ಟೇ. ಕಾಕಿ ಒಲೆಯ ಕಡೆ ಹೋಗುತ್ತಿದ್ದಳು. ನಾವು ಹೋಳಿಗೆ ತಿನ್ನುತ್ತಿದ್ದೆವು.

ಕಾಕಾನಿಗೆ ಈ ಹೂವಿನ ಹುಚ್ಚು ಹಿಡಿಸಿದ್ದು ಸರ್ಕಾರ. ನಿಜಾಮರ ಕಾಲ. ಕಾಕಾ ಒಂದು ಸರ್ಕಾರಿ ಸಾಲೆಯಲ್ಲಿ ಗಂಟೆ ಬಾರಿಸುವ ಚಪ್ರಾಸಿ. ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರರು ಹೂಗಿಡದ ದೊಡ್ಡ ಪಟ ಗೋಡೆಗೆ ತೂಗುಹಾಕಿ ಉರ್ದುವಿನಲ್ಲಿ ವಿವರಿಸುತ್ತಿದ್ದರು, ಹುಡುಗರು ಕನ್ನಡದಲ್ಲಿ ನಿದ್ದೆ ಮಾಡುತ್ತಿದ್ದರು. ಮಾಸ್ತರರಿಗೆ ಎಲೆ ಅಡಿಕೆ ತಂದುಕೊಟ್ಟು ತಂದುಕೊಟ್ಟು ಉರ್ದು ಕಲಿತಿದ್ದ ಕಾಕಾ ಒಬ್ಬನೇ, ಕಿಟಕಿಯ ಹೊರಗೆ ಗಂಟೆಯ ಕೋಲು ಹಿಡಿದು, ಬಾಯಿ ತೆರೆದು ಕೇಳುತ್ತಿದ್ದ. ಸಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ಅದೇ ಪಾಠ ಅವನ ಬಾಯಿಂದ ಹೊರಡುತ್ತಿತ್ತು.

“ಬೇರು ಅಂದ್ರ ನೀರು ಸೇದೋ ಹೆಣಮಗಳು. ನೆಲದಾಗ ಕುಂತು ಜಗ್ಗತಾಳ, ಗಿಡ ಬೀಳದಂಗ ಹಿಡಕೊಂಡೂ ಇರತಾಳ, ಯಾರೂ ಆಕಿಗೆ ಭೇಷ್ ಅನ್ನಂಗಿಲ್ಲ. ಕಾಂಡ ಹಮಾಲ, ಆ ನೀರು ಮ್ಯಾಲಕ್ಕ ಹೊರತಾನ. ಎಲಿ ಅಂದ್ರ ಅಡಗಿಮನಿ, ಬಿಸಲನ್ನ ಒಲಿ ಮಾಡಿಕೊಂಡು ಅಡಗಿ ಮಾಡತೈತಿ. ಮೊಗ್ಗಿನ ಹೊರಗ ಹಸರು ಎಸಳು ಅದಾವಲ್ಲ, ಅವು ಪೊಲೀಸ ಪಾಟೀಲರು, ಹೂ ಅರಳೂತನ ಕಾವಲು. ಬಣ್ಣದ ಎಸಳು ಸಂತ್ಯಾಗಿನ ಬಳಿಗಾರ, ಹುಳಕ್ಕ ಬರ್ರಿ ಬರ್ರಿ ಅಂತ ಕರೀತಾನ. ಒಳಗ ಪುಡಿ ಹಚ್ಚಿಕೊಂಡು ನಿಂತ ಕೇಸರ ಗಂಡಸ್ರು. ನಟ್ಟನಡಕ ಹೆಣ್ಣು. ಆಕಿ ಬುಡದಾಗ ಕಾಯಿಮನಿ. ಗಂಡಿನ ಪುಡಿ ಆಕಿ ತಲಿಮ್ಯಾಲೆ ಬಿದ್ದರ ಕಾಯಿ ಕಟ್ಟತೈತಿ, ಇಲ್ಲಂದ್ರ ಇಲ್ಲ.”

ಒಂದು ದಿನ ಸಾಲೆ ತಪಾಸಣೆಗೆ ದೊಡ್ಡ ಸಾಹೇಬರು ಬಂದರು. ಪಟ ತೋರಿಸಿ, “ಬಣ್ಣದ ಎಸಳಿನ ಕೆಲಸ ಏನು?” ಎಂದು ಕೇಳಿದರು. ಮೂವತ್ತು ಮಂದಿ ಹುಡುಗರು ಒಂದೇ ದನಿಯಲ್ಲಿ, “ಬಳಿಗಾರ ಸಾಹೇಬ!”

“ಈ ಹಸಿರು ಎಸಳು?”

“ಪೊಲೀಸ ಪಾಟೀಲ!”

ಸಾಹೇಬರ ಮಗ್ಗುಲಲ್ಲೇ ಕುರ್ಚಿ ಹಾಕಿಸಿಕೊಂಡು ಊರ ಪೊಲೀಸ ಪಾಟೀಲರು ಕೂತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮುಂದಿನ ಸಾಲಿನ ಜಾಣನೊಬ್ಬ ಎದ್ದು, “ಹೂವು ಅರಳಿದ ಮ್ಯಾಲೆ ಪಾಟೀಲರಿಗೆ ಕೆಲಸಾನ ಇಲ್ರಿ ಸಾಹೇಬ, ಸುಮ್ನ ಅಂಟಿಕೊಂಡು ಕುಂತಿರತಾರ!” ಎಂದುಬಿಟ್ಟ.

ಆ ತಿಂಗಳೇ ಗಂಟೆಯ ಕೋಲು ಬೇರೆಯವರ ಕೈಗೆ ಹೋಯಿತು. ಕಾಕಾ ಮನೆಗೆ ಬಂದ, ಕಂಕುಳಲ್ಲಿ ಹೂವಿನ ಪಟ ಇಟ್ಟುಕೊಂಡು. “ಮಾಸ್ತರು ಕೊಟ್ರು” ಎಂದ. ಮಾಸ್ತರರನ್ನು ಕೇಳಿ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಇಲ್ಲ ಎಂದರೆ ಏನು ಮಾಡುವುದು?

ಅಲ್ಲಿಂದ ಮುಂದೆ ನಮ್ಮ ದೇವರಿಗೆ ಇಡೀ ಹೂವು ಸಿಕ್ಕಿದ್ದು ಅಪರೂಪ. ಕಾಕಿ ದಾಸವಾಳ ತಂದು ಬುಟ್ಟಿಯಲ್ಲಿಟ್ಟು ನೀರಿಗೆ ಹೋದರೆ, ಬರುವಷ್ಟರಲ್ಲಿ ಎಸಳು ಒಂದು ಕಡೆ, ಕೇಸರ ಒಂದು ಕಡೆ, ಬುಡ ಸೀಳಿ ಒಂದು ಕಡೆ.

“ದೇವರಿಗೆ ಒಂದಾದ್ರೂ ಇಡೀ ಹೂವು ಬಿಡ್ರಿ!”

“ಒಳಗೇನೈತಿ ಅಂತ ದೇವರಿಗೆ ಗೊತ್ತೈತೇಳ. ಗೊತ್ತಿಲ್ಲದ್ದು ನಮಗ.”

“ಗೊತ್ತಾಗಿ ನಿಮಗ ಏನಾಗಬೇಕಾಗೈತಿ?”

ಎಂಥ ಪ್ರಶ್ನೆಗೂ ಎರಡು ಉತ್ತರ ಇಟ್ಟುಕೊಂಡಿರುತ್ತಿದ್ದ ಕಾಕಾ ಇದಕ್ಕೆ ಮಾತ್ರ ಚಾಕು ಒರೆಸಿಕೊಂಡು ಹಿತ್ತಲಿಗೆ ನಡೆದುಬಿಡುತ್ತಿದ್ದ. ಸೋತ ಎಂದುಕೊಂಡು ನಾವು ನಗುತ್ತಿದ್ದೆವು.

ಊರಿಗೆಲ್ಲ ಅವನ ಹುಚ್ಚು ಗೊತ್ತಾದದ್ದು ದೀಪಾವಳಿಯಲ್ಲಿ. ನಮ್ಮ ಕಡೆ ಆ ಹಬ್ಬಕ್ಕೆ ಹೆಂಗಸರು ಸಗಣಿಯಿಂದ ಪುಟ್ಟ ಪುಟ್ಟ ಪಾಂಡವರನ್ನು ಮಾಡಿ ಹೊಸ್ತಿಲಲ್ಲಿ, ಹಿತ್ತಲಲ್ಲಿ, ಎಲ್ಲಾ ಕಡೆ ಇಟ್ಟು, ಒಬ್ಬೊಬ್ಬರ ತಲೆಗೂ ಒಂದೊಂದು ಕುಂಬಳದ ಹೂವು ಸಿಗಿಸುತ್ತಾರೆ. ಯಾರ ಬಳ್ಳಿಯ ಹೂವನ್ನು ಯಾರಾದರೂ ಕಿತ್ತುಕೊಳ್ಳಬಹುದು, ಹಬ್ಬಕ್ಕೆ ಯಾರೂ ಬೇಡವೆನ್ನುವುದಿಲ್ಲ. ಆ ವರ್ಷ ಬೆಳಗ್ಗೆ ಹೆಂಗಸರು ಬುಟ್ಟಿ ಹಿಡಿದು ಬಂದರೆ, ನಮ್ಮ ಬಳ್ಳಿಯ ಮುಂದೆ ಕಾಕಾ ಬಡಿಗೆ ಹಿಡಿದು ನಿಂತಿದ್ದಾನೆ!

ಪಕ್ಕದ ಮನೆಯ ಮುದುಕಿ ಕೇಳಿದಳು: “ಯಾಕೋ ತಮ್ಮಾ? ಮಿಡಿಗಾಯಿ ಇದ್ದ ಹೂವು ನಾವ್ಯಾರೂ ಮುಟ್ಟಂಗಿಲ್ಲ. ಬರೀ ಹೂವು ಕೀಳತೀವಿ.”

“ಆಯೀ, ಆ ಬರೀ ಹೂವ ಗಂಡಸ್ರು! ಕುಂಬಳದಾಗ ಗಂಡು ಹೂವು ಬ್ಯಾರೆ, ಹೆಣ್ಣು ಹೂವು ಬ್ಯಾರೆ. ಇದ್ದ ಗಂಡಸ್ರನ್ನೆಲ್ಲ ಕಿತ್ತು ಸಗಣಿ ಮ್ಯಾಲೆ ಇಟ್ಟರ ಊರು ಉಳಿತೈತೇನು?”

“ನಮ್ಮನಿ ಗಂಡಸ್ರನ್ನ ಇಟ್ಟು ನೋಡೋ. ಮೊದಲಿನಕಿಂತ ಛಲೋ ನಡೀತೈತಿ” ಎಂದಳು ಮುದುಕಿ. ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ನಕ್ಕರು. ನಗು ಮುಗಿಸಿ, ಬಡಿಗೆಯ ಆಚೆ ಈಚೆ ಕೈ ಹಾಕಿ ಅಷ್ಟೂ ಹೂವು ಕಿತ್ತುಕೊಂಡು ಹೋದರು.

ಮಾರನೆಯ ದಿನದಿಂದ ಕಾಕಾ ಲಗ್ನ ಮಾಡಿಸಲು ಶುರು ಮಾಡಿದ. ಊರ ಸುತ್ತಮುತ್ತಲ ಹೊಲಗಳಲ್ಲಿ ಅಳಿದುಳಿದ ಗಂಡು ಹೂವು ಹುಡುಕಿ ತಂದು, ಎಸಳು ಕಿತ್ತು, ಉಳಿದ ಹಳದಿ ಪುಡಿಯ ಕಡ್ಡಿಯನ್ನು ನಮ್ಮ ಬಳ್ಳಿಯ ಒಂದೊಂದು ಹೆಣ್ಣು ಹೂವಿನೊಳಗೂ ಮೆಲ್ಲಗೆ ಸವರುತ್ತಿದ್ದ. ಸವರಿದ ಹೂವಿನ ತೊಟ್ಟಿಗೆ ಗುರುತಿಗೆ ಒಂದು ಕೆಂಪು ದಾರ. ಇದಕ್ಕೆ ಊರು ಸುಮ್ಮನಿರುತ್ತದೆಯೇ? ನಮ್ಮ ಕಡೆ ಲಗ್ನ ಮಾಡಿಸುವ ಸ್ವಾಮಿಗಳಿಗೆ ಐನಾರು ಎನ್ನುತ್ತಾರೆ, ಅವನಿಗೆ ‘ಹೂವಿನ ಐನಾರು’ ಎಂದು ಹೆಸರಿಟ್ಟಿತು.

“ಐನಾರ, ಇವತ್ತೆಷ್ಟು ಲಗ್ನ?”

“ಹನ್ನೊಂದು.”

“ಊಟಾ ಎಲ್ರಿ?”

“ತಡೀರಿ, ಹಾಕಸ್ತೀನಿ.”

ಹಾಕಿಸಿದ! ಆ ವರ್ಷ ನಮ್ಮ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಕುಂಬಳಕಾಯಿ. ಕುಂಬಳಕಾಯಿ ಪಲ್ಯ, ಕುಂಬಳಕಾಯಿ ಸಾರು, ಕುಂಬಳಕಾಯಿ ಕಡುಬು. ನಾವು ಬೀದಿಗಿಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು, ಎಲ್ಲಿ ಒಂದು ಕೊಟ್ಟುಬಿಡುತ್ತಾರೋ ಎಂದು. ನನ್ನ ಮೈ ಹಳದಿಯಾಗುತ್ತಿದೆ ಎಂದು ನಾನು ದಿನಾ ಕಂಚಿನ ತಟ್ಟೆಯಲ್ಲಿ ಮುಖ ನೋಡಿಕೊಳ್ಳುತ್ತಿದ್ದೆ. ತಟ್ಟೆಯೇ ಹಳದಿ ಎಂಬುದು ತಲೆಗೆ ಹೊಳೆಯಲು ಒಂದು ತಿಂಗಳು ಹಿಡಿಯಿತು.

ಇಂಥ ಮನುಷ್ಯನನ್ನು ನಿಶ್ಚಯದ ದಿನ ಮನೆಯಲ್ಲಿಟ್ಟುಕೊಂಡು ನಾನು ನೆಮ್ಮದಿಯಾಗಿರುವುದು ಹೇಗೆ? ಅದೂ ಮರುವರ್ಷದ ದೀಪಾವಳಿ ಕಳೆದ ಮೂರನೆಯ ವಾರ, ಹಿತ್ತಲಲ್ಲಿ ಬಳ್ಳಿ ಮೈತುಂಬ ಹೂ ಬಿಟ್ಟು ನಿಂತಿತ್ತು. ಬೆಳಗ್ಗೆ ಅವನನ್ನು ಮೂಲೆಗೆ ಕರೆದೆ.

“ಕಾಕಾ, ಬೀಗರ ಮುಂದ ಹೂವಿನ ಮಾತು ಎತ್ತಬ್ಯಾಡ.”

“ಎತ್ತಂಗಿಲ್ಲ.”

“ಗಂಡು, ಹೆಣ್ಣು, ಪುಡಿ, ಕಾಯಿಮನಿ, ಏನೂ ಬ್ಯಾಡ.”

“ಲೇ, ಲಗ್ನದ ಮನ್ಯಾಗ ಗಂಡು ಹೆಣ್ಣು ಅನ್ನಬಾರದಂದ್ರ ಮತ್ತೇನು ದನಾ ಕರಾ ಅನ್ನಲೇನು?”

“ದನಾನ ನೋಡಿಕೋ. ಬೀಗರ ಎತ್ತಿಗೆ ಮೇವು ಹಾಕಿ ಹಿತ್ತಲದಾಗ ಇರು” ಎಂದು ಆಣೆ ಹಾಕಿಸಿಕೊಂಡು ಹಿಂಬಾಗಿಲಿಂದ ಕಳಿಸಿದೆ. ಅಣ್ಣನ ಮಗ ಕಾಕಾನನ್ನು ದನದ ಕೊಟ್ಟಿಗೆಗೆ ಕಳಿಸಿದ್ದು ಸರಿಯೇ ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲಿಲ್ಲ.

ಬೀಗರು ಬಂದರು. ಅಚ್ಚು ಮುರಿದಿರಲಿಲ್ಲ, ಅಪ್ಪ ಮೈ ತೊಳೆದುಕೊಂಡಿದ್ದ, ಹಲ್ಲಿಯ ಸದ್ದಿಲ್ಲ, ರೊಟ್ಟಿ ಮೆತ್ತಗಾಗಿತ್ತು. ತಂಗಿ ಮಣೆಯ ಮೇಲೆ ಕೂತಳು, ಸೀನಲಿಲ್ಲ. ನಾಲ್ಕು ಮಂದಿ ಮುತ್ತೈದೆಯರು ಉಡಿ ತುಂಬಿದರು. ಹಳೆಯ ಇಳಕಲ್ ಸೀರೆ ಉಟ್ಟು ತಟ್ಟೆ ಹಿಡಿದು ಕಾಕಿ ಮುಂದೆ ಬಂದಳು. ಅಪ್ಪನ ಉಪಾಯ ಇಷ್ಟೇ: ಯಾರೂ ಕೇಳದಿದ್ದರೆ ನಾವಾಗಿ ಹೇಳುವುದು ಬೇಡ.

ಹುಡುಗನ ತಾಯಿ ಕೇಳಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಪದ್ಧತಿ ಇತ್ತು. “ಇವರಿಗೆ ಎಷ್ಟು ಮಂದಿ ಮಕ್ಕಳ್ರಿ?”

ಅಪ್ಪ ಮೇಲಿನ ತೊಲೆ ನೋಡತೊಡಗಿದ. ನಾನು ಅಪ್ಪನನ್ನು ನೋಡತೊಡಗಿದೆ. ಕಾಕಿ ತಟ್ಟೆಯನ್ನು ಮಗ್ಗುಲವಳ ಕೈಗೆ ಕೊಟ್ಟು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು, ಹಿಂದೆ ನೋಡದೆಯೇ. ಒಲೆ ಎಲ್ಲಿದೆ ಎಂದು ಆ ಕಾಲುಗಳಿಗೆ ಗೊತ್ತಿತ್ತು. ತಂಗಿ ಉಡಿಯನ್ನು ಎರಡೂ ಕೈಯಿಂದ ಅವುಚಿಕೊಂಡು ಮಣೆಯಿಂದ ಎದ್ದುಬಿಟ್ಟಳು.

“ಕುಂದರಬೇ” ಎಂದಿತು ಹಿಂಬಾಗಿಲಿಂದ ಒಂದು ದನಿ.

ಕಾಕಾ! ಮೊಣಕಾಲಿಗೆ ಹೊಟ್ಟು, ಮೀಸೆಗೆ ಹಳದಿ ಪುಡಿ. ಎರಡು ಕೈಯಲ್ಲಿ ಎರಡು ಕುಂಬಳಕಾಯಿ. ಒಂದು ತಂಬಿಗೆಯಷ್ಟು ದಪ್ಪ, ತೊಟ್ಟಿಗೆ ಕೆಂಪು ದಾರ. ಇನ್ನೊಂದು ನಿಂಬೆಹಣ್ಣಿನಷ್ಟೇ ಇದ್ದು, ಸುಕ್ಕಿ, ಕಂದಿ ಉದುರಿದ ಮಿಡಿ. ನನ್ನ ಹದಿನೇಳನೆಯ ಅನಾಹುತ ನೆಟ್ಟಗೆ ನಡೆದು ಬಂದು ಹುಡುಗನ ತಾಯಿಯ ಎದುರು ಕುಕ್ಕುರುಗಾಲಿನಲ್ಲಿ ಕೂತುಕೊಂಡಿತು.

“ಅವ್ವಾರ, ನೀವು ಒಕ್ಕಲತನದವರು. ಈ ಮಿಡಿ ಯಾಕ ಉದುರಿತು, ಹೇಳ್ರಿ ನೋಡೋಣ?”

ಆಕೆ ಬೆರಳಿಂದ ಒತ್ತಿ ನೋಡಿದಳು. “ಬಳ್ಳಿ ಛಲೋ ಇಲ್ಲ, ಅದಕ್ಕ.”

“ಈ ದೊಡ್ಡದೂ ಅದ ಬಳ್ಳೀದ್ರಿ. ಅದ ಬೇರು, ಅದ ನೀರು, ಅದ ಬಿಸಲು.”

“ಹಂಗಾದ್ರ?”

“ದಾರ ಕಟ್ಟಿದ ಹೂವಿಗೆ ಗಂಡು ಹೂವಿನ ಪುಡಿ ನಾ ಮುಟ್ಟಿಸಿದ್ದೆ. ಇದಕ್ಕ ಮುಟ್ಟಲಿಲ್ಲ. ಇದರಾಗ ಬಳ್ಳೀದೇನು ತಪ್ಪೈತ್ರಿ?”

ಕಾಕಾ ಕಾಕಿಯ ಕಡೆ ಕೈ ತೋರಿಸಿದ.

“ಆಕಿ ನನ್ನ ಹೇಣ್ತಿ. ಇಪ್ಪತ್ತೆರಡು ವರ್ಷಾತು, ಮಕ್ಕಳಾಗಲಿಲ್ಲ. ತಪ್ಪು ಆಕಿದೋ ನಂದೋ ನನಗೂ ಗೊತ್ತಿಲ್ರಿ. ಹೂವು ಕೊಯ್ದು ಕೊಯ್ದು ನೋಡಿದೆ, ನನ್ನ ಕಥಿ ಅದು ಹೇಳಲಿಲ್ಲ. ಆದ್ರ ಎರಡೂ ಕೂಡಿದ್ರನ ಕಾಯಿ ಅಂತ ಮಾತ್ರ ಹೇಳ್ತು. ಹಂಗಿದ್ದ ಮ್ಯಾಲೆ ಎಲ್ಲಾ ಲಗ್ನದಾಗೂ ಆಕಿನ್ನ ಹಿಂದ ಸರಸ್ತಾರ, ನನ್ನ ಮುಂದ ಕುಂದರಿಸಿ ಎಲಿ ಅಡಿಕಿ ಕೊಡ್ತಾರ. ನನ್ನ ಇವತ್ತಿನ ತನಕ ಒಬ್ರೂ ಕೇಳಿಲ್ರಿ. ನಿಮಗ ಬ್ಯಾಡ ಅಂತಿದ್ರ ಇಬ್ಬರನ್ನೂ ಬ್ಯಾಡ ಅನ್ರಿ. ನಾನೂ ಆಕಿ ಸಂಗಾಟ ಒಲಿ ಕಡೆ ಹೋಗತೀನಿ.”

ನಾಲ್ಕನೆಯ ಸಂಬಂಧವೂ ಹೋಯಿತು ಎಂದುಕೊಂಡೆ. ವಿಚಿತ್ರವೆಂದರೆ, ಚಿಂತೆ ಮಾಡುವುದೇ ಕಸುಬಾದ ನನಗೆ ಆ ಗಳಿಗೆಯಲ್ಲಿ ಚಿಂತೆ ಬರಲಿಲ್ಲ, ನಾಚಿಕೆ ಬಂತು. ಇಷ್ಟು ವರ್ಷ ಅವನು ದಾಸವಾಳದ ಬುಡ ಸೀಳಿ ಹುಡುಕುತ್ತಿದ್ದದ್ದು ಏನನ್ನು ಎಂದು ನಾನು ಒಮ್ಮೆಯಾದರೂ ಕೇಳಿದ್ದೆನೇ? ಕುಂಬಳಕಾಯಿ ತಿಂದೆ, ನಕ್ಕೆ, ಮತ್ತೆ ಹಾಕಿಸಿಕೊಂಡೆ.

ಹುಡುಗನ ತಾಯಿ ಆ ಸುಕ್ಕಿದ ಮಿಡಿಯನ್ನು ಅಂಗೈಯಲ್ಲಿ ಉರುಳಿಸಿ ನೋಡಿದಳು. ಆಮೇಲೆ ತನಗೆ ತಾನೇ ಎಂಬಂತೆ, “ನಮ್ಮ ಹಿತ್ತಲದಾಗೂ ಹಿಂಗ ಉದುರ್ತಾವು. ನಾ ಬಳ್ಳಿಗೆ ಬೈತಿದ್ದೆ” ಎಂದಳು. ಮಿಡಿಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮಗ್ಗುಲವಳ ಕೈಯಿಂದ ತಟ್ಟೆ ಇಸಿದುಕೊಂಡು ಕಾಕಿಯ ಕಡೆ ಚಾಚಿದಳು.

“ಬಾರ ನಮ್ಮವ್ವ. ಹೊತ್ತಾಗತೈತಿ. ನಿನ್ನ ಮಗಳಿಗೆ ಉಡಿ ತುಂಬು.”

ಕಾಕಿ ಬಂದಳು. ತಂಗಿ ಮಣೆಯ ಮೇಲೆ ಕೂತು ಮುಖ ಎತ್ತಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಮದುಮಗಳ ಹಣೆಯನ್ನೂ ಮುಟ್ಟದ ಬೆರಳು ಕುಂಕುಮದಲ್ಲಿ ಅದ್ದಿ ಮೇಲೆದ್ದಿತು, ದಾರಿ ತಪ್ಪಿತು. ಕುಂಕುಮ ಹಣೆ ಬಿಟ್ಟು ಮೂಗಿನ ಮೇಲೆ ಉದ್ದಕ್ಕೂ ಎಳೆದುಕೊಂಡು ಹೋಯಿತು. “ಅಯ್ಯ, ಸೊಟ್ಟಾತು” ಎಂದು ಕಾಕಿ ಗಾಬರಿಯಿಂದ ಸೆರಗು ಹಿಡಿದು ಒರೆಸಲು ಹೋದಳು.

ತಂಗಿ ಆಕೆಯ ಕೈ ಹಿಡಿದುಕೊಂಡಳು, ಒರೆಸಗೊಡಲಿಲ್ಲ. ಅವತ್ತು ಇಡೀ ದಿನ ಹುಡುಗಿ ಕೆಂಪು ಮೂಗಿನಲ್ಲೇ ಓಡಾಡಿದಳು. ಕೆಟ್ಟದ್ದು ಅದೊಂದೇ.